ಚಾಲಕನೊಬ್ಬನೇ ಹೊಣೆಗಾರನೇ?

ಗದಗಿನಿಂದ ಕೊಪ್ಪಳ, ಹೊಸಪೇಟೆಗಳ ಕಡೆಗೆ ಸಾಗುವ ಹೆದ್ದಾರಿಯು ಲಕ್ಕುಂಡಿಯ ಮಗ್ಗುಲಿನಿಂದ ಹಾಯ್ದುಹೋಗುವದು ನಮ್ಮ ವಾಚಕರಿಗೆ ಗೊತ್ತಿದ್ದ ಸಂಗತಿಯೇ. ಹಿಂದೆ ಅದಕ್ಕೆ ೬೩ ಎಂಬ ಸಂಖ್ಯೆಯಿತ್ತು; ಈಗ ೬೭ನೆಯ ರಾಷ್ಟ್ರೀಯ ಹೆದ್ದಾರಿಯೆನ್ನುವರು. ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ, ಮುಸುಕಿನ ಬಾವಿಯನ್ನೂ ಕಾಣಿಸಬೇಕೆಂದು ಚಳಿಗಾಲದಲ್ಲಿ ನಾಡಿನ ಎಷ್ಟೋ ಶಾಲೆಗಳು ತಮ್ಮ ಮಕ್ಕಳನ್ನು ಬಸ್ಸುಗಳಲ್ಲಿ ಕೂಡ್ರಿಸಿ ಇದೇ ದಾರಿಯಿಂದ ಕಳಿಸುತ್ತವೆ. ಅದೇ ದಿನಗಳಲ್ಲಿ ಕಬ್ಬಿನ ಹಂಗಾಮು ಆರಂಭವಾಗಿ, ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಈ ಭಾಗದ ರಸ್ತೆಗಳಿಗೆ ಇಳಿಯುತ್ತವೆ. ಶಿರಹಟ್ಟಿ, ಮುಂಡರಗಿಗಳ ಮಗ್ಗುಲಿಗೆ ಹರಿಯುವ ತುಂಗಭದ್ರೆಯ ಮರಳನ್ನು ಹೊತ್ತ ಟಿಪ್ಪರುಗಳಿಗಂತೂ ಹಂಗಾಮೆಂಬುದೇ ಇಲ್ಲ. ಒಂದು ಕಡೆಯಿಂದ ಮೂವತ್ತು ಟನ್ನಿನ ಭಾರ, ಇನ್ನೊಂದು ಕಡೆಯಿಂದ ಹಾಡು ಹೇಳುತ್ತ ಬರುವ ಮಕ್ಕಳು. ನಡುವೆ ಸುಣ್ಣದಲ್ಲಿ ಎಳೆದ ಒಂದು ಬಿಳಿಯ ಗೆರೆ. ಈ ಗೆರೆಯನ್ನು ದಾಟಿ ಅನಾಹುತವಾದ ದಿವಸ ನಮ್ಮ ಕಾಯದೆಯು ಯಾರ ಕೈ ಹಿಡಿದು ಕೇಳುತ್ತದೆ, ಯಾರನ್ನು ಕೇಳದೆ ಬಿಡುತ್ತದೆ ಎಂಬದನ್ನು ಇಂದು ವಿಚಾರಿಸಬೇಕೆಂದಿದ್ದೇವೆ.

ಇಂಥ ಅನಾಹುತಗಳು ಎಲ್ಲಿಯೋ ದೂರದ ಮಾತಲ್ಲ. ೨೦೧೬ರ ಜೂನ್ ೨೧ರಂದು ಕುಂದಾಪುರದ ಹತ್ತಿರ ತ್ರಾಸಿಯಲ್ಲಿ, ಅಳತೆ ಮೀರಿ ಶಾಲೆಯ ಮಕ್ಕಳನ್ನು ತುಂಬಿಕೊಂಡಿದ್ದ ಓಮ್ನಿ ಗಾಡಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ೨೦೨೧ರ ಸಂಕ್ರಾಂತಿಯ ಮರುದಿವಸ, ದಾವಣಗೆರೆಯ ಒಂದು ಶಾಲೆಯಲ್ಲಿ ಕೂಡಿ ಕಲಿತ ಗೆಳತಿಯರು ಗೋವೆಯ ಕಡೆಗೆ ಹೊರಟಿದ್ದ ಟೆಂಪೋ ಗಾಡಿಗೆ ಧಾರವಾಡದ ಇಟಿಗಟ್ಟಿಯ ಹತ್ತಿರ ಟಿಪ್ಪರು ಎದುರಾಗಿ, ಹತ್ತಕ್ಕೂ ಮಿಕ್ಕಿ ಜೀವಗಳು ಹೋದವು. ೨೦೨೪ರ ಜನವರಿ ೨೮ರ ನಡುರಾತ್ರಿಯ ಸುಮಾರಿಗೆ ಜಮಖಂಡಿ ತಾಲೂಕಿನ ಆಲಗೂರಿನ ಹತ್ತಿರ ಶಾಲೆಯ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಮಡಿದರು. ಅದೇ ವರ್ಷದ ಶಿಕ್ಷಕರ ದಿನದಂದು, ಮಾನ್ವಿ ತಾಲೂಕಿನ ಕಪಗಲ್ಲಿನಲ್ಲಿ ಶಾಲೆಯ ಬಸ್ಸೂ ಸಾರಿಗೆ ಸಂಸ್ಥೆಯ ಬಸ್ಸೂ ಒಂದಕ್ಕೊಂದು ಬಡಿದು ಇಬ್ಬರು ಮಕ್ಕಳು ತೀರಿದರು. ಕಾಲು ಕಳೆದುಕೊಂಡ ಮಕ್ಕಳೂ ಇದ್ದರು. ಇಡಿಯ ಹಿಂದುಸ್ಥಾನದಲ್ಲಿ ೨೦೨೨ರ ಒಂದೇ ವರ್ಷದಲ್ಲಿ ರಸ್ತೆಯ ಮೇಲೆ ಸತ್ತವರು ೧,೬೮,೪೯೧ ಮಂದಿ. ನಮ್ಮ ರಾಜ್ಯದ ಪಾಲು ಹನ್ನೊಂದು ಸಾವಿರಕ್ಕೂ ಮೇಲೆ.

ಇಂಥ ಪ್ರತಿಯೊಂದು ಸಂದರ್ಭದಲ್ಲಿಯೂ ನಡೆಯುವ ವಿಧಿಗಳು ಈಗ ಬಾಯಿಪಾಠವಾಗಿವೆ. ಮಂತ್ರಿಗಳು ಸಂತಾಪ ಸೂಚಿಸುತ್ತಾರೆ. ಸರಕಾರವು ಇಷ್ಟು ಲಕ್ಷವೆಂದು ಸಾರುತ್ತದೆ. ಜೀವದಿಂದುಳಿದ ಚಾಲಕನನ್ನು ಪೋಲೀಸರು ಹಿಡಿಯುತ್ತಾರೆ. ಅವನು ಸತ್ತಿದ್ದರೆ ಖಟ್ಲೆಯೂ ಅವನೊಂದಿಗೆ ಸತ್ತಂತೆಯೇ. ಎಂಟು ದಿನ ಕಳೆದ ಮೇಲೆ ಶಾಲೆಗೆ ಬಸ್ಸು ಎಂದಿನಂತೆ ಹೊರಡುತ್ತದೆ, ಲಾರಿಯ ಮಾಲಕನು ಬೇರೊಬ್ಬ ಚಾಲಕನನ್ನು ಹುಡುಕಿಕೊಳ್ಳುತ್ತಾನೆ. ಅಂಬನ್ನು ಹಿಡಿದು ಎಯ್ದವನನ್ನು ಬಿಟ್ಟಂತೆ ಎಂದು ಹಿರಿಯರು ಹೇಳುವದು ಇದಕ್ಕೆಯೇ. ಚಾಲಕನು ನಿರಪರಾಧಿಯೆಂದು ನಾವು ವಾದಿಸುತ್ತಿಲ್ಲ. ಕುಡಿದು ಗಾಡಿ ಹೊಡೆದವನಿಗೂ ಕೈಯಲ್ಲಿ ಫೋನು ಹಿಡಿದು ಗಾಡಿ ಹೊಡೆದವನಿಗೂ ನಮ್ಮ ಮನಸ್ಸಿನಲ್ಲಿ ಕನಿಕರವಿಲ್ಲ. ಆದರೆ ಅವನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿ, ಅವನನ್ನು ಕಳಿಸಿದವರನ್ನು ಸಾಕ್ಷಿಗಳ ಯಾದಿಯಲ್ಲಿಯೂ ಕಾಣಿಸದಿದ್ದರೆ ಅದನ್ನು ನ್ಯಾಯವೆನ್ನಲಾಗದು.

ಮೊದಲು ದಂಡದ ಕಾಯದೆಯನ್ನು ನೋಡೋಣ. ೧೮೭೦ರಲ್ಲಿ ದಂಡಸಂಹಿತೆಗೆ ಸೇರಿಸಿದ ೩೦೪-ಎ ಕಲಮೇ ಒಂದೂವರೆ ಶತಮಾನ ಇಂಥ ಎಲ್ಲ ಖಟ್ಲೆಗಳ ಆಧಾರವಾಗಿತ್ತು. ಒಬ್ಬನು ಸಾಯಲಿ, ಇಪ್ಪತ್ತು ಮಂದಿ ಸಾಯಲಿ, ಅದರ ಪರಮಾವಧಿ ಶಿಕ್ಷೆ ಎರಡು ವರ್ಷ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿತು. ಅಪಘಾತ ಮಾಡಿ ಯಾರಿಗೂ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದ ವರೆಗೆ ಶಿಕ್ಷೆಯೆಂದು ಅದೇ ಕಲಮಿನ ಎರಡನೆಯ ಭಾಗವು ಹೇಳುತ್ತಿತ್ತು. ೨೦೨೪ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಲಾರಿಗಳೆಲ್ಲ ನಿಂತು ಪೆಟ್ರೋಲು ಪಂಪುಗಳ ಮುಂದೆ ಜನರ ಸಾಲು ಬೆಳೆದಾಗ, ಕೇಂದ್ರ ಸರಕಾರವು ಆ ಭಾಗವನ್ನು ತಡೆದಿಟ್ಟು ಉಳಿದದ್ದನ್ನು ಮಾತ್ರ ಜಾರಿಗೆ ತಂದಿತು. ಜನರ ಕೈಗೆ ಸಿಕ್ಕರೆ ಜೀವ ಉಳಿಯದೆಂಬ ಚಾಲಕರ ಭಯವು ಸುಳ್ಳಲ್ಲವೆಂಬದನ್ನು ನಮ್ಮ ಹಳ್ಳಿಗಳನ್ನು ಬಲ್ಲವರು ಒಪ್ಪುವರು. ಅದಿರಲಿ, ಆ ಗದ್ದಲದಲ್ಲಿ ಒಂದು ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಸರಕಾರವು ಚಾಲಕನ ಶಿಕ್ಷೆಯನ್ನು ಕುರಿತು ಮಾತನಾಡಿತು, ಮುಷ್ಕರದವರೂ ಚಾಲಕನ ಶಿಕ್ಷೆಯನ್ನೇ ಕುರಿತು ಮಾತನಾಡಿದರು. ಮಾಲಕನ ಶಿಕ್ಷೆಯೇನೆಂದು ಎರಡೂ ಪಕ್ಷಗಳಲ್ಲಿ ಯಾರೊಬ್ಬರೂ ಬಾಯಿ ಬಿಡಲಿಲ್ಲ.

ಶಿಕ್ಷೆಯ ವರ್ಷಗಳನ್ನು ಏರಿಸಿದ ಮಾತ್ರಕ್ಕೆ ಆಗುವದೇನು? ಅಪರಾಧವು ರುಜುವಾತಾದರಲ್ಲವೇ ಶಿಕ್ಷೆ? ಈ ವಿಷಯದಲ್ಲಿ ನಮ್ಮ ರಾಜ್ಯದ್ದೇ ಒಂದು ಖಟ್ಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ವಕೀಲರು ಅದನ್ನು ಬಲ್ಲರು, ಉಳಿದವರು ತಿಳಿಯುವದು ಅವಶ್ಯ. ೧೯೮೨ರ ನವೆಂಬರ ೨೫ರಂದು ಮುಂಜಾನೆ ಎಂಟೂವರೆಯ ಸುಮಾರಿಗೆ, ಜನರನ್ನು ತುಂಬಿಕೊಂಡಿದ್ದ ಒಂದು ಟ್ರಕ್ಕು ಹಳ್ಳವನ್ನು ದಾಟುವಾಗ ಮಗುಚಿಬಿತ್ತು. ಹದಿನೈದು ಮಂದಿ ಸತ್ತರು. ಇನ್ನೂ ಹದಿನೆಂಟು ಮಂದಿಯ ವರೆಗೆ ಗಾಯಗೊಂಡರು. ಕೆಳಗಿನ ನ್ಯಾಯಾಲಯವು ಚಾಲಕನಿಗೆ ಶಿಕ್ಷೆ ವಿಧಿಸಿತು. ಹೈಕೋರ್ಟು ಅವನನ್ನು ಬಿಟ್ಟಿತು. ರಾಜ್ಯ ಸರಕಾರವೇ ದಿಲ್ಲಿಯ ವರೆಗೆ ಅಪೀಲು ಹೋಯಿತು. ೧೯೯೮ರಲ್ಲಿ ಸುಪ್ರೀಮ್ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಕಾರಣಗಳೇನು? ಟ್ರಕ್ಕು ಅತಿವೇಗದಲ್ಲಿತ್ತೆಂದು ಸಾಕ್ಷಿದಾರರು ನುಡಿದರೇ ಹೊರತು, ಅತಿವೇಗವೆಂದರೆ ತಾಸಿಗೆ ಎಷ್ಟೆಂಬದನ್ನು ಅಂದಾಜಿನಿಂದಲಾದರೂ ಒಬ್ಬರೂ ಹೇಳಲಿಲ್ಲ. ವೇಗವೊಂದರಿಂದಲೇ ನಿರ್ಲಕ್ಷ್ಯವು ಸಿದ್ಧವಾಗುವದಿಲ್ಲವೆಂದು ನ್ಯಾಯಾಲಯವು ಹೇಳಿತು. ಇದಕ್ಕಿಂತ ನಾಚಿಕೆಯ ಸಂಗತಿ ಮುಂದಿನದು. ಗಾಡಿಯನ್ನು ತಪಾಸ ಮಾಡಿದ ಮೋಟಾರು ವಾಹನ ನಿರೀಕ್ಷಕರು ತಮ್ಮ ವರದಿಯನ್ನು ಕೊಟ್ಟಿದ್ದರು; ಆ ವರದಿಯು ನ್ಯಾಯಾಲಯದ ದಫ್ತರದಲ್ಲಿ ಇರಲೇ ಇಲ್ಲ. ನಿರೀಕ್ಷಕರನ್ನು ಸಾಕ್ಷಿಯಾಗಿ ಕರೆಯಲೂ ಇಲ್ಲ. ಬ್ರೇಕು ಸರಿಯಿತ್ತೇ, ಯಂತ್ರವು ಕೆಟ್ಟಿತ್ತೇ, ಇದ್ದರೆ ಅದರ ಹೊಣೆ ಯಾರದು? ಯಾವ ಪ್ರಶ್ನೆಗೂ ಕಾಗದವಿಲ್ಲ.

ಹದಿನೈದು ಮಂದಿಯ ಸಾವಿಗೆ ಹದಿನಾರು ವರ್ಷಗಳ ಬಳಿಕ ದೊರೆತ ಉತ್ತರವಿದು: ಯಾರೂ ಹೊಣೆಗಾರರಲ್ಲ. ನ್ಯಾಯಾಲಯವನ್ನು ನಾವು ದೂರುವದಿಲ್ಲ. ಪುರಾವೆಯಿಲ್ಲದೆ ಶಿಕ್ಷಿಸುವ ನ್ಯಾಯಾಲಯವು ನಾಳೆ ನಮ್ಮನ್ನೂ ನಿಮ್ಮನ್ನೂ ಶಿಕ್ಷಿಸೀತು. ದೂರಬೇಕಾದದ್ದು ಮೊದಲ ದಿವಸದ ತನಿಖೆಯನ್ನು. ೧೯೮೮ರ ಮೋಟಾರು ವಾಹನ ಕಾಯದೆಯ ೧೩೬ನೆಯ ಕಲಮಿನಂತೆ, ಅಪಘಾತಕ್ಕೊಳಗಾದ ಗಾಡಿಯನ್ನು ತಪಾಸಣೆಗಾಗಿ ಒಯ್ದರೆ, ಕೆಲಸ ಮುಗಿಸಿ ಇಪ್ಪತ್ತನಾಲ್ಕು ತಾಸಿನೊಳಗೆ ಮರಳಿ ಕೊಡಬೇಕಾಗುತ್ತದೆ. ಅಂದರೆ ಆ ಒಂದು ಹಗಲು ಒಂದು ರಾತ್ರಿಯಲ್ಲಿ ಬರೆದಿಟ್ಟದ್ದೇ ಮುಂದೆ ಹತ್ತು ವರ್ಷಗಳ ಖಟ್ಲೆಗೆ ಬಂಡವಾಳ. ೧೯೮೨ರಲ್ಲಿ ಸಾಕ್ಷಿದಾರನ ಕಣ್ಣಳತೆಯನ್ನು ಬಿಟ್ಟರೆ ವೇಗಕ್ಕೆ ಬೇರೆ ಆಧಾರವಿರಲಿಲ್ಲವೆನ್ನಬಹುದು. ಇಂದು ಹಾಗೆ ಹೇಳಲಿಕ್ಕಾಗದು. ಗಾಡಿಯು ಟೋಲ್ ನಾಕೆಗಳನ್ನು ಯಾವ ನಿಮಿಷಕ್ಕೆ ದಾಟಿತೆಂಬದು ಫಾಸ್ಟ್ಯಾಗಿನ ಲೆಕ್ಕದಲ್ಲಿ ದೊರೆಯುತ್ತದೆ. ಎರಡು ನಾಕೆಗಳ ನಡುವಿನ ದೂರವನ್ನು ವೇಳೆಯಿಂದ ಭಾಗಿಸಲು ಮೂರನೆಯ ಇಯತ್ತೆಯ ಹುಡುಗನೂ ಬಲ್ಲನು. ಸರಕು ಯಾರದು, ಯಾರು ಕಳಿಸಿದರೆಂಬದು ೨೦೧೮ರಿಂದ ಬಂದ ಇ-ವೇ ಬಿಲ್ಲಿನಲ್ಲಿದೆ. ಮರಳಾದರೆ ಖನಿಜ ಸಾಗಾಟದ ಪರವಾನಗಿಯಲ್ಲಿ ತೂಕವೂ ಇದೆ. ಚಾಲಕನು ಕೊನೆಯ ಸಲ ಯಾರೊಡನೆ ಎಷ್ಟು ಹೊತ್ತು ಮಾತನಾಡಿದನೆಂಬದನ್ನು ಫೋನಿನ ಕಂಪನಿಯು ಹೇಳುತ್ತದೆ. ಇವನ್ನೆಲ್ಲ ಅದೇ ದಿವಸ ಕೈವಶ ಮಾಡಿಕೊಳ್ಳದೆ, ಪಂಚರ ಸಹಿ ಹಾಕಿಸಿ ರಸ್ತೆಯ ಮೇಲಿನ ಗಾಜಿನ ಚೂರುಗಳನ್ನು ವರ್ಣಿಸಿದ ಪಂಚನಾಮೆಯಿಂದ ಏನಾದೀತು?

ಇನ್ನು ಮಾಲಕರ ಮಾತು. ಭಾರವನ್ನು ಹೇರಿದವನು ಚಾಲಕನಲ್ಲ. ಅವನು ಹೇರಿಸಿದಷ್ಟನ್ನು ಒಯ್ಯುವವನು. ಒಲ್ಲೆನೆಂದರೆ ಆ ದಿವಸದ ಕೂಲಿ ಹೋಯಿತು. ಇದನ್ನು ಕಾಯದೆ ಮಾಡಿದವರು ಅರಿಯದೆ ಇರಲಿಲ್ಲ. ೧೧೩ನೆಯ ಕಲಮಿನ ನಾಲ್ಕನೆಯ ಉಪಕಲಮಿನಲ್ಲಿ, ಮಿತಿ ಮೀರಿದ ಭಾರದ ಗಾಡಿಯನ್ನು ಮಾಲಕನಲ್ಲದವನು ನಡೆಸುತ್ತಿದ್ದರೆ, ಆ ಅಪರಾಧವು ಮಾಲಕನ ಅರಿವಿನಿಂದ ಇಲ್ಲವೆ ಅವನ ಅಪ್ಪಣೆಯಿಂದ ನಡೆದದ್ದೆಂದು ನ್ಯಾಯಾಲಯವು ಭಾವಿಸಿಕೊಳ್ಳಬಹುದೆಂದು ಸ್ಪಷ್ಟವಾಗಿ ಬರೆದಿದೆ. ೧೯೪ನೆಯ ಕಲಮು ಗಾಡಿ ನಡೆಸಿದವನನ್ನು ಮಾತ್ರವಲ್ಲ, ನಡೆಸಲು ಹಚ್ಚಿದವನನ್ನೂ ಬಿಟ್ಟವನನ್ನೂ ದಂಡಿಸುತ್ತದೆ. ೨೦೧೯ರ ತಿದ್ದುಪಡಿಯ ಬಳಿಕ ದಂಡವು ೨೦,೦೦೦ ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ ೨,೦೦೦. ಹೆಚ್ಚಾದ ಭಾರವನ್ನು ಇಳಿಸದೆ ಕೇವಲ ದಂಡ ಕಟ್ಟಿಸಿಕೊಂಡು ಗಾಡಿಯನ್ನು ಮುಂದೆ ಬಿಡುವದು ಕಾಯದೆಗೆ ವಿರುದ್ಧವೆಂದು ಸುಪ್ರೀಮ್ ಕೋರ್ಟು ೨೦೦೫ರ ನವೆಂಬರಿನಲ್ಲಿಯೇ ತೀರ್ಪು ಕೊಟ್ಟಿದೆ. ೨೦೧೮ರಲ್ಲಿ ಸರಕಾರವು ಲಾರಿಗಳ ಭಾರದ ಮಿತಿಯನ್ನೇ ಏರಿಸಿ, ಹತ್ತು ಗಾಲಿಯ ಲಾರಿಗೆ ಇಪ್ಪತ್ತೈದು ಟನ್ನಿದ್ದದ್ದನ್ನು ಇಪ್ಪತ್ತೆಂಟೂವರೆ ಟನ್ನಿಗೆ ಒಯ್ದಿತು. ಇಷ್ಟಾದರೂ ಸಾಲದೆನ್ನುವವರಿಗೆ ಯಾವ ನೆವ ಉಳಿದಿದೆ?

ಗದಗಿನ ಜನರು ಅತಿಭಾರದ ಲಾರಿಗಳ ಪಾಠವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ೨೦೧೦ರ ಹಿಂದಿನ ಕೆಲವು ವರ್ಷ, ಸಂಡೂರು-ಹೊಸಪೇಟೆಗಳ ಕಬ್ಬಿಣದ ಅದಿರನ್ನು ಪಶ್ಚಿಮದ ಬಂದರಗಳಿಗೆ ಸಾಗಿಸುವ ಲಾರಿಗಳ ಸಾಲು ಈ ದಾರಿಯಲ್ಲಿ ಹಗಲಿರುಳೂ ಕಡಿಯುತ್ತಿರಲಿಲ್ಲ. ಕೆಂಪು ಧೂಳು ಮನೆಗಳ ಗೋಡೆಗೂ ಗಿಡಗಳ ಎಲೆಗೂ ಹತ್ತಿತ್ತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಗಳು ಅತಿಭಾರದ ಸಾಗಾಟವನ್ನೂ ಎತ್ತಿ ತೋರಿಸಿದವು. ೨೦೧೦ರ ಜುಲೈಯಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆಯಿತು. ೨೦೧೧ರ ಜುಲೈ ೨೯ರಂದು ಸುಪ್ರೀಮ್ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ನಿಲ್ಲಿಸಿತು. ಲಾರಿಗಳು ನಿಂತದ್ದು ಬೊಕ್ಕಸಕ್ಕಾದ ಹಾನಿಗಾಗಿ, ಕಾಡಿಗಾದ ಹಾನಿಗಾಗಿ. ರಸ್ತೆಯ ಮೇಲೆ ಹೋದ ಜೀವಗಳಿಗಾಗಿ ಅಲ್ಲ.

ಕಾಯದೆಯ ಪಂಡಿತರು ಇಲ್ಲಿ ಒಂದು ಆಕ್ಷೇಪವನ್ನು ತರುವರು. ಅದಕ್ಕೆ ಉತ್ತರ ಕೊಡಬೇಕಾದದ್ದು ನ್ಯಾಯವೇ. ಮರಣವು ನಿರ್ಲಕ್ಷ್ಯದ ಕೃತ್ಯದಿಂದ ನೇರವಾಗಿ ಸಂಭವಿಸಿರಬೇಕು, ದೂರದ ಕಾರಣವು ಸಾಲದು ಎಂದು ಮುಂಬಯಿಯ ಒಂದು ಬಣ್ಣದ ಕಾರಖಾನೆಯ ಬೆಂಕಿಯ ಖಟ್ಲೆಯಲ್ಲಿ ಸುಪ್ರೀಮ್ ಕೋರ್ಟು ಬಹಳ ಹಿಂದೆಯೇ ಹೇಳಿದೆ. ಏಳು ಮಂದಿ ಸುಟ್ಟು ಸತ್ತರೂ, ಬೆಂಕಿಯ ಬಗ್ಗೆ ಎಚ್ಚರ ವಹಿಸದ ಸಣ್ಣ ಅಪರಾಧಕ್ಕೆ ಮಾತ್ರ ಅಲ್ಲಿಯ ಮೇಲಧಿಕಾರಿಗೆ ಶಿಕ್ಷೆಯಾಯಿತು. ಇದೇ ತತ್ವವನ್ನು ಹಿಡಿದು, ಮಾಲಕನು ಮನೆಯಲ್ಲಿ ಮಲಗಿದ್ದನು, ಸಾವಿಗೆ ನೇರ ಕಾರಣ ಚಾಲಕನ ಕೈ ಎಂದು ವಾದಿಸುವರು. ಆದರೆ ಬ್ರೇಕು ಹಿಡಿಯದ ಗಾಡಿಯನ್ನು ತಿಳಿದೂ ತಿಳಿದೂ ರಸ್ತೆಗೆ ಬಿಟ್ಟವನ ಕೃತ್ಯವು ದೂರದ ಕಾರಣ ಹೇಗಾದೀತು? ಗಾಡಿ ನಿಲ್ಲದೆ ಹೋದದ್ದೇ ಸಾವಿನ ಕಾರಣವಾದರೆ, ನಿಲ್ಲದ ಗಾಡಿಯನ್ನು ಕೊಟ್ಟವನು ಆ ಕಾರಣದ ಒಳಗೆಯೇ ಇದ್ದಾನೆ. ಇದನ್ನು ನ್ಯಾಯಾಧೀಶರ ಮುಂದೆ ಸಾಧಿಸಬೇಕಾದರೆ ಮತ್ತೆ ಬೇಕಾಗುವದು ಕಾಗದವೇ: ಕೊನೆಯ ಸಲ ಗಾಡಿ ದುರಸ್ತಿಗೆ ಹೋದ ಲೆಕ್ಕ, ಯೋಗ್ಯತಾ ಪತ್ರ, ಹಿಂದೆ ಕಟ್ಟಿದ ದಂಡಗಳು. ಮರಣದ ಕಲಮು ಹತ್ತದಿದ್ದರೂ ಮೋಟಾರು ಕಾಯದೆಯ ಕಲಮುಗಳು ಮಾಲಕನಿಗೆ ಹತ್ತುತ್ತವೆ. ಅವನ್ನು ಹಚ್ಚದೆ ಇರುವದಕ್ಕೆ ಆ ತೀರ್ಪು ಅಡ್ಡಿಯಲ್ಲ.

ಚಾಲಕನ ನಿದ್ದೆಯನ್ನು ಕುರಿತು ಎರಡು ಮಾತು. ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯದೆಯು ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸೆಂದು ಕೆಲಸದ ಮಿತಿಯನ್ನು ಹಾಕಿತ್ತು. ೧೯೮೮ರ ಕಾಯದೆಯ ೯೧ನೆಯ ಕಲಮು ಅದನ್ನೇ ಸಾರಿಗೆ ವಾಹನಗಳನ್ನು ನಡೆಸುವವರಿಗೆಲ್ಲ ಹಚ್ಚಿದೆ. ಹುಬ್ಬಳ್ಳಿಯಿಂದ ಹೊರಟ ಲಾರಿಯ ಚಾಲಕನು ಎಂಟು ತಾಸಾಯಿತೆಂದು ಗಾಡಿ ನಿಲ್ಲಿಸಿ ಮಲಗಿದ್ದನ್ನು ಕಂಡವರಿದ್ದರೆ ನಮಗೆ ಬರೆದು ತಿಳಿಸಬೇಕು.

ಶಾಲೆಗಳ ಆಡಳಿತ ಮಂಡಳಿಗಳನ್ನು ಈ ಮಾತಿನ ಹೊರಗಿಡಲಿಕ್ಕಾಗದು. ೧೯೯೭ರ ನವೆಂಬರ ೧೮ರಂದು ದಿಲ್ಲಿಯ ವಜೀರಾಬಾದ ಸೇತುವೆಯಿಂದ ಶಾಲೆಯ ಬಸ್ಸು ಯಮುನೆಗೆ ಬಿದ್ದು ಇಪ್ಪತ್ತೆಂಟು ಮಕ್ಕಳು ಮುಳುಗಿದರು. ಆ ದಿನಗಳಲ್ಲಿ ದಿಲ್ಲಿಯ ಗಾಡಿಗಳ ಹೊಗೆ ಮತ್ತು ಸಂಚಾರವನ್ನು ಕುರಿತ ಅರ್ಜಿಯನ್ನು ವಿಚಾರಿಸುತ್ತಿದ್ದ ಸುಪ್ರೀಮ್ ಕೋರ್ಟು, ಎರಡು ದಿವಸಗಳಲ್ಲಿಯೇ ಶಾಲೆಯ ಬಸ್ಸುಗಳನ್ನು ಕುರಿತು ಹುಕುಮು ಮಾಡಿತು. ಡಿಸೆಂಬರಿನಲ್ಲಿ ಅದನ್ನು ವಿಸ್ತರಿಸಿತು. ಬಸ್ಸಿನ ಮುಂದೂ ಹಿಂದೂ ಶಾಲೆಯ ಬಸ್ಸೆಂದು ಬರೆದಿರಬೇಕು, ಕಿಟಕಿಗೆ ಅಡ್ಡ ಸರಳುಗಳಿರಬೇಕು, ಬಾಗಿಲಿಗೆ ಗಟ್ಟಿಯಾದ ಚಿಲಕವಿರಬೇಕು, ಔಷಧದ ಪೆಟ್ಟಿಗೆಯೂ ಬೆಂಕಿ ಆರಿಸುವ ಸಾಧನವೂ ಇರಬೇಕು, ಮಕ್ಕಳನ್ನು ನೋಡಿಕೊಳ್ಳುವವನೊಬ್ಬನು ಇರಬೇಕು, ಚಾಲಕನಿಗೆ ಭಾರದ ವಾಹನ ನಡೆಸಿದ ಐದು ವರ್ಷಗಳ ಅನುಭವವಿರಬೇಕು, ಅತಿವೇಗಕ್ಕೋ ಕುಡ್ತಕ್ಕೋ ಒಮ್ಮೆ ಸಿಕ್ಕಿಬಿದ್ದವನನ್ನು ಇಟ್ಟುಕೊಳ್ಳಕೂಡದು. ವಾಚಕರೇ, ನಿಮ್ಮ ಮಗುವನ್ನು ನಾಳೆ ಮುಂಜಾನೆ ಹತ್ತಿಸುವಾಗ ಈ ಯಾದಿಯಲ್ಲಿ ಎಷ್ಟು ನಿಜವಾಗಿದೆಯೆಂಬದನ್ನು ಒಮ್ಮೆ ನೋಡಿರಿ. ಬಣ್ಣ ಹಳದಿಯಾಗಿದೆ, ಅದು ಎಲ್ಲಕ್ಕಿಂತ ಅಗ್ಗದ ಕೆಲಸ. ೨೦೧೫ರ ಕೇಂದ್ರ ಸರಕಾರದ ಪ್ರಕಟಣೆಯಂತೆ ಶಾಲೆಯ ಬಸ್ಸಿಗೂ ಟಿಪ್ಪರಿಗೂ ತಾಸಿಗೆ ಅರವತ್ತು ಕಿಲೋಮೀಟರಿಗೆ ಮೀರದಂತೆ ವೇಗನಿಯಂತ್ರಕ ಕೂಡಿಸಬೇಕೆಂದಿದೆ. ಕೂಡಿಸಿದ್ದನ್ನು ಯೋಗ್ಯತಾ ಪತ್ರ ದೊರೆತ ಮರುದಿವಸ ಬಿಚ್ಚುವ ಕೈಗಳು ಯಾರವು?

ಹರಿಯಾಣದ ಮಹೇಂದ್ರಗಢ ಜಿಲ್ಲೆಯ ಕನೀನಾದಲ್ಲಿ ೨೦೨೪ರ ಏಪ್ರಿಲ್ ೧೧ರಂದು, ಈದ್ ಹಬ್ಬದ ಸೂಟಿಯ ದಿವಸವೂ ತೆರೆದಿದ್ದ ಒಂದು ಶಾಲೆಯ ಬಸ್ಸು ಉರುಳಿ ಆರು ಮಕ್ಕಳು ಸತ್ತರು. ಚಾಲಕನು ಕುಡಿದಿದ್ದನೆಂದು ಆರೋಪ. ಬಸ್ಸಿನ ಯೋಗ್ಯತಾ ಪತ್ರದ ಅವಧಿಯು ೨೦೧೮ರಲ್ಲಿಯೇ ಮುಗಿದುಹೋಗಿತ್ತು. ಅಲ್ಲಿಯ ಪೋಲೀಸರು ಚಾಲಕನಿಗೆ ನಿಲ್ಲದೆ ಶಾಲೆಯ ಮುಖ್ಯಾಧ್ಯಾಪಕರನ್ನೂ ಆಡಳಿತದ ಕಾರ್ಯದರ್ಶಿಯನ್ನೂ ಬಂಧಿಸಿದರು. ಅವರು ಅಪರಾಧಿಗಳೋ ಅಲ್ಲವೋ ಎಂಬದನ್ನು ನ್ಯಾಯಾಲಯವು ನೋಡಿಕೊಳ್ಳಲಿ. ಆರು ವರ್ಷ ಯೋಗ್ಯತಾ ಪತ್ರವಿಲ್ಲದ ಬಸ್ಸಿನಲ್ಲಿ ಮಕ್ಕಳನ್ನು ತರಿಸಿಕೊಂಡವರನ್ನು ಪ್ರಶ್ನೆ ಕೇಳಬಹುದೆಂಬದಾದರೂ ಅಲ್ಲಿ ಸಿದ್ಧವಾಯಿತು. ನಮ್ಮ ಆಲಗೂರಿನಲ್ಲಿ ಮಕ್ಕಳು ಶಾಲೆಯ ವಾರ್ಷಿಕೋತ್ಸವವನ್ನು ಮುಗಿಸಿ ಊರಿಗೆ ಮರಳುತ್ತಿದ್ದರು. ಕಬ್ಬಿನ ಹಂಗಾಮಿನ ನಡುವೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಓಡಾಡುವ ಜಿಲ್ಲೆಯಲ್ಲಿ, ನಡುರಾತ್ರಿಯ ವರೆಗೆ ಉತ್ಸವವನ್ನು ನಡೆಸಿ ಮಕ್ಕಳನ್ನು ಬಸ್ಸಿನಲ್ಲಿ ಕಳಿಸುವ ಪದ್ಧತಿಯು ಈ ಭಾಗದಲ್ಲಿ ಹೊಸದಲ್ಲ. ನಮ್ಮ ಗದಗ, ಲಕ್ಷ್ಮೇಶ್ವರಗಳಲ್ಲಿಯೂ ಅದು ನಡೆಯುತ್ತದೆ. ಶಾಲೆಯ ಆಡಳಿತದ ಹೊಣೆಯನ್ನು ಗೊತ್ತುಪಡಿಸುವ ಮಾರ್ಗಸೂಚಿಗಳನ್ನು ಕೇಂದ್ರದ ಶಿಕ್ಷಣ ಇಲಾಖೆಯು ೨೦೨೧ರಲ್ಲಿಯೇ ಹೊರಡಿಸಿದೆ. ಅವುಗಳ ಒಂದು ಪ್ರತಿಯಾದರೂ ಪ್ರತಿಯೊಂದು ಶಾಲೆಯ ಕಚೇರಿಯಲ್ಲಿದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ನೋಡತಕ್ಕದ್ದು.

ರಸ್ತೆಯನ್ನು ಕಟ್ಟಿದವರೂ ಇದ್ದಾರೆ. ಇಟಿಗಟ್ಟಿಯಲ್ಲಿ ಟಿಪ್ಪರಿನ ಮತ್ತು ಟೆಂಪೋದ ಚಾಲಕರನ್ನು ದೂರುವದು ಸುಲಭ. ಆದರೆ ಬೆಂಗಳೂರಿನಿಂದ ಪುಣೆಯ ವರೆಗೆ ಅಗಲವಾಗಿ ಬಂದ ಹೆದ್ದಾರಿಯು ಹುಬ್ಬಳ್ಳಿ-ಧಾರವಾಡಗಳ ಬಳಸುದಾರಿಯಲ್ಲಿ ಎರಡೇ ಪಥಗಳಿಗೆ ಇಕ್ಕಟ್ಟಾಗಿ, ಎದುರುಬದುರಿನ ಗಾಡಿಗಳ ನಡುವೆ ತಡೆಯೂ ಇಲ್ಲದೆ, ಮೇಲೆ ಸುಂಕವನ್ನೂ ವಸೂಲು ಮಾಡಿಕೊಳ್ಳುತ್ತಿತ್ತಲ್ಲ, ಅದಕ್ಕೆ ಯಾರು ಹೊಣೆ? ಸತ್ತವರ ಮನೆಯವರು ದಾವಣಗೆರೆಯಿಂದ ಅಲ್ಲಿಗೆ ಬಂದು, ರಸ್ತೆಯನ್ನು ಅಗಲ ಮಾಡಿರೆಂದು ಬೇಡಿಕೊಂಡರು. ಸುಂಕ ಕೊಟ್ಟವರೇ ಬೇಡಿಕೊಳ್ಳಬೇಕಾಯಿತು. ೨೦೧೯ರ ತಿದ್ದುಪಡಿಯು ೧೯೮-ಎ ಎಂಬ ಕಲಮನ್ನು ಹುಟ್ಟಿಸಿ, ರಸ್ತೆಯ ರಚನೆ ಪೋಷಣೆಗಳಲ್ಲಿ ಸುರಕ್ಷತೆಯ ಮಟ್ಟವನ್ನು ಕಾಯದ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡವನ್ನು ಇಟ್ಟಿತು. ಕೋಟಿಗಳ ಗುತ್ತಿಗೆಗೆ ಒಂದು ಲಕ್ಷ!

ಪರದೇಶಗಳಲ್ಲಿ ಎಲ್ಲವೂ ಸರಿಯಾಗಿದೆಯೆಂದು ಭ್ರಮಿಸುವವರಿಗಾಗಿ ಕೆನಡಾದ ಒಂದು ಸಂಗತಿ. ೨೦೧೮ರ ಏಪ್ರಿಲ್ ೬ರಂದು ಸಸ್ಕಾಚೆವಾನ್ ಪ್ರಾಂತದಲ್ಲಿ ತರುಣ ಹಾಕಿ ಆಟಗಾರರ ಬಸ್ಸಿಗೆ ಭಾರದ ಟ್ರಕ್ಕು ಅಡ್ಡಬಂದು ಹದಿನಾರು ಮಂದಿ ಸತ್ತರು. ಟ್ರಕ್ಕಿನ ಚಾಲಕನು ನಮ್ಮ ದೇಶದಿಂದಲೇ ಹೋದ, ಕೆಲಸಕ್ಕೆ ಹೊಸಬನಾದ ತರುಣ. ಅವನು ತಪ್ಪೊಪ್ಪಿಕೊಂಡನು, ೨೦೧೯ರಲ್ಲಿ ಎಂಟು ವರ್ಷ ಸೆರೆಯಾಯಿತು. ಸುರಕ್ಷತೆಯ ನಿಯಮಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಸರಿಯಾಗಿ ಇಡದ ಮಾಲಕನಿಗಾದದ್ದು ಐದು ಸಾವಿರ ಡಾಲರುಗಳ ದಂಡ. ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಇದೆ. ಆಸ್ಟ್ರೇಲಿಯಾದ ಬಹುಭಾಗದಲ್ಲಿ ೨೦೧೪ರಿಂದ ಜಾರಿಯಲ್ಲಿರುವ ಭಾರವಾಹನಗಳ ಕಾಯದೆಯು ಹೊಣೆಯ ಸರಪಳಿಯೆಂಬ ತತ್ವವನ್ನು ಹಿಡಿದಿದೆ. ಗಾಡಿಯನ್ನು ಇಟ್ಟವನು, ಸರಕನ್ನು ಕಳಿಸಿದವನು, ಹೇರಿದವನು, ಇಷ್ಟು ಹೊತ್ತಿಗೆ ಮುಟ್ಟಬೇಕೆಂದು ವೇಳೆ ಗೊತ್ತುಮಾಡಿದವನು, ಇವರೆಲ್ಲರೂ ತಮ್ಮ ತಮ್ಮ ಕೈಲಿದ್ದಷ್ಟರ ಮಟ್ಟಿಗೆ ಉತ್ತರ ಕೊಡಬೇಕು. ನಮ್ಮ ಪಾರ್ಲಿಮೆಂಟು ಇಂಥ ಒಂದು ಕಲಮನ್ನು ಸೇರಿಸಿದರೆ, ಬಣ್ಣದ ಕಾರಖಾನೆಯ ಖಟ್ಲೆಯ ತೀರ್ಪಿನ ಆಸರೆಯು ಯಾರಿಗೂ ಉಳಿಯದು. ನಮ್ಮ ಭಾಗದ ಸಂಸದರು ಈ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಬೇಕೆಂದು ಒತ್ತಾಯಿಸುತ್ತೇವೆ.

ಪರಿಹಾರದ ಹಣವಿದೆಯಲ್ಲ ಎನ್ನುವರು. ಇದೆ; ಅದಕ್ಕಾಗಿ ಹಿಂದಿನವರು ಪಟ್ಟ ಪ್ರಯಾಸವೂ ಇದೆ. ೧೮೫೫ರ ಕಾಯದೆಯಂತೆ ದಿವಾಣಿ ಕೋರ್ಟಿನಲ್ಲಿ ದಾವೆ ಹೂಡಬೇಕಾಗಿದ್ದ ಕಾಲ ಹೋಗಿ, ೧೯೫೬ರ ತಿದ್ದುಪಡಿಯಿಂದ ಪರಿಹಾರದ ನ್ಯಾಯಮಂಡಳಿಗಳು ಬಂದವು. ಈಗ ಯಾರ ತಪ್ಪೆಂದು ಸಾಧಿಸದೆಯೂ ಮರಣಕ್ಕೆ ಐದು ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ಪಡೆಯಬಹುದು. ಆದರೆ ಮಕ್ಕಳ ವಿಷಯದಲ್ಲಿ ಈ ಲೆಕ್ಕಾಚಾರವು ಕರುಳನ್ನು ಕಿವುಚುವಂಥದು. ಮಗುವಿಗೆ ಗಳಿಕೆಯಿಲ್ಲ; ಆದ್ದರಿಂದ ೧೯೯೪ರ ಪಟ್ಟಿಯು ಗಳಿಸದವರ ಆದಾಯವನ್ನು ವರ್ಷಕ್ಕೆ ಹದಿನೈದು ಸಾವಿರವೆಂದು ಹಿಡಿಯಿತು, ಎಷ್ಟೋ ವರ್ಷ ಅದೇ ಅಂಕಿ ನಡೆಯಿತು. ಹರಿಯಾಣದಲ್ಲಿ ೨೦೦೭ರಲ್ಲಿ ಹನ್ನೆರಡು ವರ್ಷದ ಒಬ್ಬ ಬಾಲೆಗೆ ಟ್ರಕ್ಕು ಬಡಿದು, ಆಕೆಯ ಬುದ್ಧಿಯು ಹಸುಗೂಸಿನ ಮಟ್ಟಕ್ಕೆ ಇಳಿಯಿತು. ನ್ಯಾಯಮಂಡಳಿಯು ಕೊಟ್ಟದ್ದು ಸುಮಾರು ಹನ್ನೊಂದು ಲಕ್ಷ. ಹೈಕೋರ್ಟು ಅದನ್ನು ಇಪ್ಪತ್ತೈದು ಲಕ್ಷದ ಮೇಲಕ್ಕೆ ಏರಿಸಿತು. ಸುಪ್ರೀಮ್ ಕೋರ್ಟು ೨೦೨೦ರಲ್ಲಿ ಅರವತ್ತೆರಡು ಲಕ್ಷಕ್ಕೂ ಮಿಕ್ಕಿ ಕೊಡಿಸಿತು. ಆ ಹೊತ್ತಿಗೆ ಬಾಲೆಯು ಇಪ್ಪತ್ತೈದರ ಹೆಣ್ಣುಮಗಳು. ದಿಲ್ಲಿಯ ವರೆಗೆ ಹೋಗುವ ಚೈತನ್ಯವಿಲ್ಲದವರು ಹನ್ನೊಂದು ಲಕ್ಷದಲ್ಲಿಯೇ ಕೈ ತೊಳೆದುಕೊಳ್ಳಬೇಕು. ಈ ಹಣವೂ ಬಹುಶಃ ಮಾಲಕನ ಗಂಟಿನಿಂದ ಬರುವದಲ್ಲ. ವಿಮೆಯ ಕಂಪನಿಯು ಕೊಡುತ್ತದೆ, ಮಾಲಕನು ಮರುವರ್ಷದ ಕಂತನ್ನು ಕಟ್ಟುತ್ತಾನೆ. ಸಾರಿಗೆ ಸಂಸ್ಥೆಗಳ ಬಸ್ಸುಗಳಿಗೆ ವಿಮೆಯ ವಿನಾಯಿತಿಯಿದೆ. ಹಣ ಕೊಡದಿದ್ದಾಗ ಕೋರ್ಟಿನ ಬೇಲೀಫನು ಬಸ್ಸನ್ನೇ ಜಪ್ತಿ ಮಾಡಿ ಆವರಣದಲ್ಲಿ ನಿಲ್ಲಿಸುವ ದೃಶ್ಯವನ್ನು ನಮ್ಮ ಊರುಗಳ ಜನ ನೋಡಿಯೇ ಇದ್ದಾರೆ.

೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳಂತೆ, ಅಪಘಾತವಾದ ನಲವತ್ತೆಂಟು ತಾಸಿನೊಳಗೆ ಮೊದಲನೆಯ ವರದಿ, ಐವತ್ತು ದಿವಸಗಳೊಳಗೆ ಮಧ್ಯಂತರ ವರದಿ, ತೊಂಬತ್ತು ದಿವಸಗಳೊಳಗೆ ಪೂರ್ಣ ವರದಿಯನ್ನು ಪೋಲೀಸರು ನ್ಯಾಯಮಂಡಳಿಗೆ ಸಲ್ಲಿಸಬೇಕು. ಇವನ್ನು ದೇಶದಲ್ಲೆಲ್ಲ ತಪ್ಪದೆ ನಡೆಸಬೇಕೆಂದು ಸುಪ್ರೀಮ್ ಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ಈ ಮೂರು ಕಾಗದಗಳಲ್ಲಿಯೇ ನಾವು ಮೇಲೆ ಹೇಳಿದ್ದೆಲ್ಲ ಅಡಗಿದೆ. ತೂಕದ ಚೀಟಿಯೂ ನಾಕೆಯ ವೇಳೆಯೂ ಯೋಗ್ಯತಾ ಪತ್ರವೂ ಅವುಗಳಿಗೆ ಲಗತ್ತಾದರೆ ಮಾಲಕನು ತಪ್ಪಿಸಿಕೊಳ್ಳಲಾರನು. ಗದಗ, ಶಿರಹಟ್ಟಿ, ಮುಂಡರಗಿಗಳ ವಕೀಲ ಸಂಘಗಳು ಒಂದೊಂದು ಸರದಿ ಹಾಕಿಕೊಂಡು, ಓದು ಬಾರದ ತಂದೆತಾಯಿಗಳ ಪರವಾಗಿ ಈ ವರದಿಗಳ ಪ್ರತಿಗಳನ್ನು ಅವಧಿಯೊಳಗೆ ಕೇಳಿ ಪಡೆದರೆ ದೊಡ್ಡ ಉಪಕಾರವಾದೀತು; ಅಪೀಲು ಬೇಕಾದರೆ ಹೈಕೋರ್ಟಿನ ಪೀಠವು ಈಗ ಧಾರವಾಡದಲ್ಲಿಯೇ ಇದೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯು ಮುಂದಿನ ಸಲ ಕೂಡಿದಾಗ, ಕಳೆದ ಮೂರು ವರ್ಷಗಳಲ್ಲಿ ಈ ಜಿಲ್ಲೆಯಲ್ಲಿ ಲಾರಿ, ಟಿಪ್ಪರು, ಟ್ರ್ಯಾಕ್ಟರುಗಳಿಂದಾದ ಪ್ರತಿಯೊಂದು ಮರಣದ ಕಾಗದವನ್ನೂ ಮೇಜಿನ ಮೇಲೆ ತರಿಸಿಕೊಳ್ಳಲಿ. ನಿರೀಕ್ಷಕರ ತಪಾಸಣೆಯು ಎಷ್ಟನೆಯ ತಾಸಿಗೆ ನಡೆಯಿತು, ಭಾರವನ್ನು ತೂಗಿದ್ದುಂಟೇ, ದೋಷಾರೋಪ ಪತ್ರದಲ್ಲಿ ಚಾಲಕನ ಹೆಸರಿನ ಕೆಳಗೆ ಮತ್ತೊಂದು ಹೆಸರಿದೆಯೇ, ಇಷ್ಟನ್ನು ಒಂದು ತಖ್ತೆಯಲ್ಲಿ ಬರೆಯಿಸಲಿ. ಆ ತಖ್ತೆಯನ್ನು ನಮಗೆ ಕಳಿಸಿದರೆ ಒಂದಕ್ಷರವನ್ನೂ ಬಿಡದೆ ಇದೇ ಪುಟದಲ್ಲಿ ಪ್ರಕಟಿಸುವೆವು; ಹಾಗೆಯೇ ಶಾಲೆಯ ಪ್ರವಾಸದ ಬಸ್ಸುಗಳು ಲಕ್ಕುಂಡಿಯ ಕಡೆಗೆ ಹೊರಡುವ ಡಿಸೆಂಬರಿಗೆ ಮುಂಚೆ ಅದು ನಮ್ಮ ಕೈ ಸೇರಬೇಕು.